ಹ್ಯಾಮ್ ಟವರಿನ ಸ್ಟೇಗೆ ಯಾವ ಆ್ಯಂಕರ್? ಆಟಿ ತಿಂಗಳ ಮಣ್ಣು ನೋಡಿ ಆರಿಸಿ

ಕಳೆದ ಸಂಚಿಕೆಯಲ್ಲಿ ಮನೆಯಂಗಳದ ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೊ) ಟವರುಗಳ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳು ಹೆಚ್ಚಾಗಿ ಒಂದೇ ವಿಷಯ ಕೇಳಿವೆ: ಟವರನ್ನು ಬೀಳದಂತೆ ಎಳೆದು ಹಿಡಿಯುವ ಸ್ಟೇ ವೈರಿನ ಕೆಳಗಿನ ತುದಿಯನ್ನು ನೆಲದಲ್ಲಿ ಯಾವುದಕ್ಕೆ, ಅಂದರೆ ಯಾವ ಆ್ಯಂಕರಿಗೆ ಕಟ್ಟುವುದು? ಇದನ್ನು ಕೇಳಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು. ಉಡುಪಿಯಲ್ಲಿ ಹಗಲು ಕಟ್ಟಡಗಳ ಅಡಿಪಾಯ ಲೆಕ್ಕ ಹಾಕುವವನು ನಾನು, ರಾತ್ರಿ ರೇಡಿಯೊ ಮುಂದೆ ಕೂರುವವನು. ಟವರ್ ಎಬ್ಬಿಸುವವರು ಆ್ಯಂಟೆನಾ, ರೋಟರ್, ಕೇಬಲ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನೆಲದೊಳಗೆ ಹೋಗುವ ಕಬ್ಬಿಣದ ಬಗ್ಗೆ ಐದು ನಿಮಿಷ ಕೊಡುವುದಿಲ್ಲ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮ ಮನೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ದಿಬ್ಬದ ಮೇಲಿದೆ, ಕೆಳಗೆ ಬೈಲು ಗದ್ದೆ. 60 ಅಡಿಯ ತ್ರಿಕೋನ ಟವರ್ ತಂದಿದ್ದೇನೆ. ಎರಡು ಹಂತದ ಸ್ಟೇ, ತುದಿಯಲ್ಲಿ ಮೂರು ಎಲಿಮೆಂಟಿನ ಯಾಗಿ ಆ್ಯಂಟೆನಾ. ಮೂರು ಆ್ಯಂಕರುಗಳಲ್ಲಿ ಎರಡು ಅಂಗಳದಲ್ಲಿ ಬರುತ್ತವೆ, ಒಂದು ಗದ್ದೆಗೆ ಬೀಳುತ್ತದೆ. ಆನ್‌ಲೈನ್‌ನಲ್ಲಿ ನೆಲಕ್ಕೆ ತಿರುಗಿಸಿ ಇಳಿಸುವ ಸ್ಕ್ರೂ ಆ್ಯಂಕರ್ ಸಿಗುತ್ತದೆ. ಮೂರೂ ಕಡೆ ಅದನ್ನೇ ಹಾಕಬಹುದೇ?
— ಕೃಷಿಕರು, ಕಟಪಾಡಿ

ಉತ್ತರ: ಗದ್ದೆಯಲ್ಲಿ ಖಂಡಿತ ಬೇಡ. ಅಂಗಳದಲ್ಲಿ ಅದು ಇಳಿಯುವುದೇ ಇಲ್ಲ. ಅಂದರೆ ನಿಮ್ಮ ಜಾಗಕ್ಕೆ ಸ್ಕ್ರೂ ಆ್ಯಂಕರ್ ಎಲ್ಲೂ ಹೊಂದುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೇ ಕರಾವಳಿಯ ಎಲ್ಲ ತೊಂದರೆಗಳೂ ಇವೆ.

ಮೊದಲು ಎಳೆತ ಎಷ್ಟು ಅಂತ ನೋಡೋಣ. ಗಾಳಿಯ ಬಗ್ಗೆ ನಮ್ಮ ದೇಶದ ಮಾನದಂಡ ಐಎಸ್ 875ರ ಮೂರನೇ ಭಾಗ. ಅದರಲ್ಲಿ ಮಂಗಳೂರಿಗೆ ಕೊಟ್ಟ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿಗೆ 33 ಮೀಟರ್. ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಆದರೆ ಒತ್ತಡ ವೇಗದ ವರ್ಗಕ್ಕೆ ಸರಿಯಾಗಿ ಏರುತ್ತದೆ. ಹಾಗಾಗಿ ಬೆಂಗಳೂರಿನ ಗೆಳೆಯರ ಟವರ್ ನಿಂತಿದೆ ಅಂತ ಅದೇ ಆ್ಯಂಕರ್ ಇಲ್ಲಿ ಹಾಕುವುದು ತಪ್ಪು. 39 ಮೀಟರ್ ವೇಗದಲ್ಲಿ ಒಂದು ಚದರ ಮೀಟರ್ ಮೇಲೆ ಬೀಳುವ ಒತ್ತಡ 93 ಕೆ.ಜಿ. ಆಸುಪಾಸು. ಟವರಿನ ಸರಳುಗಳು, ಯಾಗಿ, ರೋಟರ್, ಕೇಬಲ್ ಕಟ್ಟು ಎಲ್ಲ ಸೇರಿ ನಿಮ್ಮಂಥ ಟವರಿನಲ್ಲಿ ಒಂದು ಆ್ಯಂಕರ್ ಮೇಲೆ ಅಡ್ಡ ಎಳೆತ 500 ಕೆ.ಜಿ. ಅಂತ ಇಟ್ಟುಕೊಳ್ಳೋಣ. ನಿಮ್ಮ ನಿಜವಾದ ಲೆಕ್ಕವನ್ನು ಟವರಿನ ಅಳತೆ ಹಿಡಿದು ಎಂಜಿನಿಯರ್ ಹತ್ತಿರ ಮಾಡಿಸಬೇಕು. ಇಲ್ಲಿ ದಾರಿ ತೋರಿಸಲಷ್ಟೇ ಈ ಸಂಖ್ಯೆ.

ಆ್ಯಂಕರನ್ನು ಟವರಿನ ಬುಡದಿಂದ ಎತ್ತರದ ಶೇಕಡಾ 60ರಿಂದ 80ರಷ್ಟು ದೂರದಲ್ಲಿ ಇಡುವುದು ರೂಢಿ. 60 ಅಡಿಗೆ ಶೇಕಡಾ 80 ಅಂದರೆ 48 ಅಡಿ. ಮೇಲಿನ ಸ್ಟೇ ಅಷ್ಟು ದೂರದಿಂದ ಹೋದರೆ, ಅಡ್ಡಕ್ಕೆ 500 ಕೆ.ಜಿ. ಎಳೆತ ಇದ್ದಾಗ ಆ್ಯಂಕರನ್ನು ಮೇಲಕ್ಕೆ ಕೀಳುವ ಎಳೆತ 625 ಕೆ.ಜಿ. ಅದನ್ನೇ 36 ಅಡಿಗೆ ತಂದರೆ 833 ಕೆ.ಜಿ. ಜಾಗ ಇದ್ದವರು ದೂರ ಇಡಿ ಅಂತ ನಾನು ಹೇಳುವುದು ಇದಕ್ಕೇ. ಕೆಳಗಿನ ಸ್ಟೇ ಇಷ್ಟು ಕಡಿದಾಗಿರುವುದಿಲ್ಲ, ಆದರೂ ಎಲ್ಲವೂ ಮೇಲಿನ ಸ್ಟೇಯಲ್ಲೇ ಬಂತು ಅಂತ ಹಿಡಿದರೆ ಲೆಕ್ಕ ಸುರಕ್ಷಿತ ಬದಿಗೆ ಇರುತ್ತದೆ. ಇನ್ನೊಂದು ವಿಷಯ: ನಿಮ್ಮ ಗದ್ದೆ ಅಂಗಳಕ್ಕಿಂತ ತಗ್ಗಿನಲ್ಲಿದೆ. ಆರು ಅಡಿ ತಗ್ಗು ಅಂದರೆ ಆ ಕಡೆಗೆ ಟವರ್ 66 ಅಡಿ ಅಂತಲೇ ಲೆಕ್ಕ. ಶೇಕಡಾ 80 ಬರಬೇಕಾದರೆ ಆ್ಯಂಕರ್ ಸುಮಾರು 53 ಅಡಿ ಆಚೆ ಹೋಗಬೇಕು.

625ರ ಎಳೆತಕ್ಕೆ ಕನಿಷ್ಠ ಎರಡು ಪಟ್ಟು ತಡೆಯುವ ಶಕ್ತಿ ಬೇಕು. 1,250 ಕೆ.ಜಿ. ಅನ್ನಿ. ಕಾಂಕ್ರೀಟು ಒಂದು ಘನ ಅಡಿಗೆ 68 ಕೆ.ಜಿ. ತೂಗುತ್ತದೆ. ಹಾಗಾದರೆ ಹದಿನೆಂಟೂವರೆ ಘನ ಅಡಿಯ ಬ್ಲಾಕ್ ಸಾಕಲ್ವಾ? ಒಣ ನೆಲದಲ್ಲಿ ಹೌದು. ಆದರೆ ಬೈಲು ಗದ್ದೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ನೀರು ಮಣ್ಣಿನ ಮೇಲೇ ನಿಂತಿರುತ್ತದೆ. ಬಾವಿಯಿಂದ ಸೇದುವಾಗ ಕೊಡಪಾನ ನೀರಿನೊಳಗೆ ಇರುವವರೆಗೆ ಹಗುರ, ಮೇಲೆ ಬಂದ ಕೂಡಲೇ ಕೈ ಜಗ್ಗುತ್ತದೆ. ನೀರೊಳಗಿನ ಕಾಂಕ್ರೀಟು ಕೂಡ ಹಾಗೆಯೇ. ಘನ ಅಡಿಗೆ 68 ಇದ್ದದ್ದು ಬರೇ 40 ಕೆ.ಜಿ.ಗೆ ಇಳಿಯುತ್ತದೆ. ಅದೇ 1,250ಕ್ಕೆ ಈಗ 32 ಘನ ಅಡಿ ಬೇಕು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ದಪ್ಪದ ಬ್ಲಾಕ್. ಗಾಳಿ ಜೋರಾಗಿ ಬೀಸುವುದೂ ಅದೇ ತಿಂಗಳುಗಳಲ್ಲಿ. ಮಾರ್ಚ್‌ನಲ್ಲಿ ಗಟ್ಟಿಯಾಗಿ ಬಿರುಕು ಬಿಟ್ಟ ಗದ್ದೆ ನೋಡಿ ಆ್ಯಂಕರ್ ಆರಿಸಿದವರಿಗೆ ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಅದೇ ನೆಲ ಸಿಗುವುದಿಲ್ಲ. ನಾನು ಮತ್ತೆ ಮತ್ತೆ ಹೇಳುವ ಮಾತು ಇದೊಂದೇ: ಲೆಕ್ಕ ಹಾಕುವಾಗ ಕಣ್ಣ ಮುಂದೆ ಆಟಿಯ ಗದ್ದೆ ಇರಲಿ.

ಸ್ಕ್ರೂ ಆ್ಯಂಕರಿಗೆ ತೂಕವೇ ಇಲ್ಲ. ಅದರ ಬಲವೆಲ್ಲ ತಿರುಪಿನ ತಟ್ಟೆಯ ಮೇಲೆ ಕೂತ ಮಣ್ಣಿನದು. ಕೆಸರಾದ ಜೇಡಿಯಲ್ಲಿ ಆ ಮಣ್ಣು ಹಿಡಿಯುವುದಿಲ್ಲ. ಅದೂ ಅಲ್ಲದೆ ಸ್ಟೇ ವೈರ್ ಗಾಳಿ ಇಲ್ಲದಾಗಲೂ ಎಳೆಯುತ್ತಲೇ ಇರುತ್ತದೆ. ಒಳ್ಳೆಯ ಉಕ್ಕಿನ ವೈರನ್ನು ಅದು ತುಂಡಾಗುವ ಬಲದ ಹತ್ತನೇ ಒಂದರಷ್ಟು ಬಿಗಿ ಮಾಡಿ ಕಟ್ಟುತ್ತೇವೆ. ಇಂಚಿನ ಹದಿನಾರನೇ ಮೂರು ಭಾಗ ದಪ್ಪದ ಇಎಚ್‌ಎಸ್ (ಹೆಚ್ಚು ಬಲದ ಉಕ್ಕಿನ) ವೈರ್ ತುಂಡಾಗುವುದು ಸುಮಾರು 1,800 ಕೆ.ಜಿ.ಗೆ, ಅಂದರೆ ಒಂದೊಂದು ವೈರಿನಲ್ಲೂ 180 ಕೆ.ಜಿ. ಬಿಗಿತ. ಎರಡು ಹಂತ ಸೇರಿ 360. ಈ ಎಳೆತ ಹಗಲು ರಾತ್ರಿ, ವರ್ಷವಿಡೀ ಇರುತ್ತದೆ. ಮೆತ್ತಗಿನ ಜೇಡಿಯಲ್ಲಿ ಸ್ಕ್ರೂ ನಿಧಾನವಾಗಿ ಮೇಲೆ ತೆವಳುತ್ತದೆ. ವೈರ್ ಸಡಿಲವಾಗುತ್ತದೆ, ನೀವು ಟರ್ನ್‌ಬಕಲ್ (ವೈರ್ ಬಿಗಿ ಮಾಡುವ ತಿರುಪು) ತಿರುಗಿಸಿ ಬಿಗಿ ಮಾಡುತ್ತೀರಿ, ಅದು ಮತ್ತೆ ತೆವಳುತ್ತದೆ. ಟರ್ನ್‌ಬಕಲ್ ಪದೇ ಪದೇ ತಿರುಗಿಸಬೇಕಾಗಿ ಬಂದರೆ ವೈರನ್ನು ದೂರಬೇಡಿ, ಆ್ಯಂಕರ್ ನೋಡಿ.

ಹಾಗಾಗಿ ಗದ್ದೆಗೆ ಕಾಂಕ್ರೀಟು ಬ್ಲಾಕೇ ಸರಿ. ತೋಡುವ ಕ್ರಮ ಇಲ್ಲಿ ಬಹಳ ಮುಖ್ಯ. ಜೆಸಿಬಿ ಕರೆಸಿ ದೊಡ್ಡ ಹೊಂಡ ಮಾಡಿ, ನಡುವೆ ಬ್ಲಾಕ್ ಹಾಕಿ, ಸುತ್ತ ಮಣ್ಣು ತುಂಬಿದರೆ ಅರ್ಧ ಬಲ ಹೋಯಿತು. ಬ್ಲಾಕನ್ನು ಟವರಿನ ಕಡೆ ಜಾರದ ಹಾಗೆ ತಡೆಯುವುದು ಅದರ ಮುಂದಿನ ಗೋಡೆಯ ಕದಡದ ಮಣ್ಣು. ಆ ಮುಖವನ್ನು ಕೈಯಲ್ಲೇ, ಹಾರೆಯಲ್ಲೇ ನೇರವಾಗಿ ಕಡಿಸಿ. ಕಾಂಕ್ರೀಟನ್ನು ಆ ಮಣ್ಣಿಗೇ ತಾಗಿಸಿ ಸುರಿಯಿರಿ, ನಡುವೆ ಹಲಗೆ ಬೇಡ. ಬ್ಲಾಕಿನ ಮೇಲ್ಮೈ ಉಳುಮೆಯ ಪದರಕ್ಕಿಂತ ಕೆಳಗೆ, ಎರಡಡಿ ಆಳದಲ್ಲಿ ಇರಲಿ. ಟಿಲ್ಲರಿಗೂ ತಾಗುವುದಿಲ್ಲ. ಮೇಲಿನ ಕೆಸರಿನ ತೂಕವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಬೋನಸ್.

ರಾಡ್ 20 ಮಿ.ಮೀ. ಇರಲಿ. ಕರೆಂಟು ಕಂಬಗಳ ಸ್ಟೇ ಸೆಟ್ಟಿನಲ್ಲಿ ಬರುವ ಹಾಗೆ ತಳದಲ್ಲಿ ಒಂದಡಿ ಚೌಕದ ಪ್ಲೇಟು, ನಟ್ಟು. ಪ್ಲೇಟು ಬ್ಲಾಕಿನ ಹಿಂದಿನ ಕೆಳ ಮೂಲೆ ಕಡೆ ಇರಬೇಕು. ಆಗ ರಾಡ್ ಎಳೆದಾಗ ಕಾಂಕ್ರೀಟು ಒತ್ತಲ್ಪಡುತ್ತದೆ, ಸೀಳುವುದಿಲ್ಲ. ರಾಡ್ ಸ್ಟೇ ವೈರಿನ ಓರೆಗೇ ಸರಿಯಾಗಿ ಮೇಲೆ ಬರಲಿ. ಎರಡು ವೈರ್ ಇದ್ದರೆ ಎರಡರ ನಡುವಿನ ಓರೆಗೆ. ಲಂಬವಾಗಿ ನಿಲ್ಲಿಸಿದ ರಾಡ್ ಪ್ರತಿ ಗಾಳಿಗೂ ಬಾಗಿ ಬಾಗಿ ನೆಲದ ಮಟ್ಟದಲ್ಲೇ ತುಂಡಾಗುತ್ತದೆ. ತೋಟದ ಮೂಲೆಯಲ್ಲಿ ಬಿದ್ದಿರುವ ಕಟ್ಟಡದ ಟಿಎಂಟಿ ಸರಳು ಬಗ್ಗಿಸಿ ಕೊಕ್ಕೆ ಮಾಡುವುದನ್ನು ದಯವಿಟ್ಟು ಬಿಡಿ. ತೆರೆದ ಕೊಕ್ಕೆ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ರಾಡಿನ ತುದಿಯ ಕಣ್ಣು (ವೈರ್ ಕಟ್ಟುವ ಉಂಗುರ) ಪೂರ್ತಿ ಮುಚ್ಚಿರಬೇಕು. ವೆಲ್ಡಿಂಗ್ ಇದ್ದರೆ ಅದು ಮುಗಿದ ಮೇಲೆ ಗ್ಯಾಲ್ವನೈಸ್ (ಸತುವಿನ ಲೇಪ) ಮಾಡಿಸಬೇಕು.

ಗದ್ದೆಯಲ್ಲಿ ಕಬ್ಬಿಣಕ್ಕೆ ದೊಡ್ಡ ಶತ್ರು ನೆಲದ ಮಟ್ಟದಿಂದ ಒಂದಡಿ ಕೆಳಗಿನವರೆಗಿನ ಪಟ್ಟಿ. ಅಲ್ಲಿ ನೀರೂ ಇದೆ, ಗಾಳಿಯೂ ಇದೆ, ಗೊಬ್ಬರದ ಉಪ್ಪೂ ಇದೆ. ರಾಡನ್ನು ಆ ಜಾಗದಲ್ಲಿ ಬರಿದಾಗಿ ಬಿಡಬೇಡಿ. ಬ್ಲಾಕಿನಿಂದ ಮೇಲಕ್ಕೆ ಓರೆಯಾಗಿ 6 ಇಂಚಿನ ಪಿವಿಸಿ ಪೈಪ್ ನಿಲ್ಲಿಸಿ. ಅದರ ನಡುವೆ ರಾಡ್ ಬರಲಿ, ಸುತ್ತ ಕಾಂಕ್ರೀಟು ತುಂಬಿ. ಪೈಪ್ ಮಳೆಗಾಲದ ನೀರಿನ ಮಟ್ಟಕ್ಕಿಂತ ಒಂದಡಿ ಮೇಲೆ ನಿಲ್ಲಲಿ. ಕಣ್ಣು, ಟರ್ನ್‌ಬಕಲ್ ಎಲ್ಲ ಅದರ ಮೇಲೆ. ಕಟಾವು ಯಂತ್ರ ಬರುವ ಗದ್ದೆಯಾದರೆ ವೈರಿನ ಕೆಳಗಿನ ಎಂಟು ಅಡಿಗೆ ಹಳದಿ ಪೈಪ್ ತೊಡಿಸಿ.

ಕಟ್ಟಪುಣಿ (ಗದ್ದೆಯ ಬದು) ಮೇಲೆ ಬ್ಲಾಕ್ ಹಾಕಿದರೆ ಬೇಸಾಯಕ್ಕೆ ತೊಂದರೆ ಕಡಿಮೆ. ಆದರೆ ಕಟ್ಟಪುಣಿ ತುಂಬಿದ ಮಣ್ಣು. ಅದರ ಬುಡದ ಮೂಲ ನೆಲಕ್ಕೆ ಇಳಿದೇ ತೋಡಬೇಕು.

ಸಾಧ್ಯವಿದ್ದರೆ ಟವರನ್ನು ಸ್ವಲ್ಪ ತಿರುಗಿಸಿ ನೋಡಿ. ಮಳೆಗಾಲದ ಗಾಳಿ ಪಡುವಣದಿಂದ ಬರುತ್ತದೆ, ಆಗ ಪಡು ಬದಿಯ ಆ್ಯಂಕರಿಗೆ ಎಳೆತ ಜಾಸ್ತಿ. ಆ ಬದಿ ಮುರಕಲ್ಲಿನ ಮೇಲೆ ಬಂದರೆ ಒಳ್ಳೆಯದು. ಹಾಗಂತ ಉಳಿದ ಎರಡನ್ನು ಸಣ್ಣದು ಮಾಡಬೇಡಿ. ಗುಡುಗು ಮಳೆಯ ದಿನ ಗಾಳಿ ಘಟ್ಟದ ಕಡೆಯಿಂದಲೂ ನುಗ್ಗುತ್ತದೆ.

ಕೆಲಸಕ್ಕೆ ಒಳ್ಳೆಯ ಕಾಲ ಕೊಯ್ಲು ಮುಗಿದು ನೀರು ಇಳಿದ ಮೇಲೆ, ಜನವರಿ ಫೆಬ್ರವರಿ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟು. ಅದಕ್ಕೆ ಕನಿಷ್ಠ 10 ದಿನ ನೀರು ಹಾಕಿ. 28 ದಿನ ಕಳೆಯುವ ಮೊದಲು ಸ್ಟೇ ಪೂರ್ತಿ ಬಿಗಿ ಮಾಡಬೇಡಿ. ಮೇ ಕೊನೆಗೆ ಅವಸರದಲ್ಲಿ ಹಾಕುವುದಕ್ಕಿಂತ ಒಂದು ವರ್ಷ ಕಾಯುವುದು ಮೇಲು. 2021ರಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಹಾದು ಹೋದದ್ದು ಮೇ ಮಧ್ಯದಲ್ಲೇ, ಮುಂಗಾರಿಗೂ ಮೊದಲು.

ಪ್ರಶ್ನೆ: ಮಣಿಪಾಲದಲ್ಲಿ ನಮ್ಮ ಜಾಗ ಪೂರ್ತಿ ಮುರಕಲ್ಲು. "ಕಲ್ಲಿಗೆ ಎರಡಡಿ ತೂತು ಹೊಡೆದು ರಾಡ್ ಇಟ್ಟು ಸಿಮೆಂಟು ಹಾಕಿದರೆ ಸಾಕು" ಅನ್ನುತ್ತಾರೆ ಮೇಸ್ತ್ರಿ. ನಂಬಬಹುದೇ?
— ಕಾಲೇಜು ಅಧ್ಯಾಪಕರು, ಮಣಿಪಾಲ

ಉತ್ತರ: ಮೇಸ್ತ್ರಿಯವರ ಮಾತು ಕರಿಕಲ್ಲಿಗೆ ಸರಿ, ಮುರಕಲ್ಲಿಗೆ ಅಲ್ಲ. ಮುರಕಲ್ಲು ಒಂದೇ ಗುಣದ ಕಲ್ಲಲ್ಲ. ಒಂದು ಕಡೆ ಪಿಕ್ಕಾಸು ಬಡಿದರೆ ಕಿಡಿ ಹಾರುತ್ತದೆ, ನಾಲ್ಕು ಮಾರು ಆಚೆ ಕೈಯಲ್ಲೇ ಪುಡಿಯಾಗುತ್ತದೆ. ಒಳಗೆ ತೂತು, ಸಂದು. ಸಣ್ಣ ತೂತಿಗೆ ಹಾಕಿದ ಸಿಮೆಂಟು ಗಾರೆ ಆ ಸಂದುಗಳಲ್ಲಿ ಹರಿದು ಹೋಗಿ ರಾಡಿನ ಸುತ್ತ ಖಾಲಿ ಉಳಿಯಬಹುದು, ಮೇಲಿನಿಂದ ಗೊತ್ತೇ ಆಗುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಕೆಳಗಿದೆ. ಮುರಕಲ್ಲಿನ ಪದರದ ಅಡಿಯಲ್ಲಿ ನಮ್ಮಲ್ಲಿ ಹೆಚ್ಚಿನ ಕಡೆ ಶೇಡಿ ಮಣ್ಣು. ಬಿಳಿ, ಹಳದಿ, ತಿಳಿಗೆಂಪು ಬಣ್ಣದ ನುಣುಪು ಮಣ್ಣು. ಬೇಸಿಗೆಯಲ್ಲಿ ಅದು ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಹೆದ್ದಾರಿಗಾಗಿ ಗುಡ್ಡ ಕಡಿದ ಕಡೆ ಮಳೆಗಾಲದಲ್ಲಿ ಕುಸಿಯುವುದು ಹೆಚ್ಚಾಗಿ ಈ ಶೇಡಿಯೇ. ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಬೀಳುವ ಊರು ನಮ್ಮದು. ಆ್ಯಂಕರಿನ ತಳ ಶೇಡಿಯಲ್ಲಿ ಕೂರುವುದಾದರೆ ಮೇಲಿನ ಕಲ್ಲು ಎಷ್ಟು ಗಟ್ಟಿ ಇದ್ದರೇನು?

ನಿಮ್ಮ ಜಾಗದಲ್ಲಿ ಕಲ್ಲು ಎಷ್ಟು ದಪ್ಪ ಅಂತ ತಿಳಿಯಲು ಖರ್ಚಿನ ಪರೀಕ್ಷೆ ಬೇಡ. ಬಾವಿಗೆ ಹೋಗಿ ಟಾರ್ಚ್ ಬಿಟ್ಟು ನೋಡಿ. ಕಟ್ಟೆಯಿಂದ ಕೆಳಗೆ ಕೆಂಪು ಮಣ್ಣು ಎಷ್ಟಿದೆ, ಕಲ್ಲು ಎಲ್ಲಿ ಶುರುವಾಗುತ್ತದೆ, ಎಲ್ಲಿ ಬಣ್ಣ ಬದಲಾಗಿ ಶೇಡಿ ಬರುತ್ತದೆ, ಎಲ್ಲ ಕಾಣುತ್ತದೆ. ಬಾವಿಗೆ ರಿಂಗ್ ಇಳಿಸಿದ್ದರೆ ಪಕ್ಕದ ಮನೆಯ ಬಾವಿ ನೋಡಿ, ಇಲ್ಲವೇ ತೋಡಿದವರನ್ನು ಕೇಳಿ. ನಮ್ಮ ಬಾವಿ ತೋಡುವವರಿಗೆ ಈ ನೆಲದ ಬಗ್ಗೆ ಇರುವ ಜ್ಞಾನ ದೊಡ್ಡದು. ಅವರ ಮಾತನ್ನು ನಾನು ಅಡಿಪಾಯದ ಕೆಲಸಗಳಲ್ಲೂ ಗೌರವದಿಂದ ಕೇಳುತ್ತೇನೆ.

ಕಲ್ಲಿನ ಪದರ ಏಳೆಂಟು ಅಡಿ ಇದ್ದರೆ ನಿಮಗೆ ಒಳ್ಳೆಯ ಆ್ಯಂಕರ್ ಸುಲಭವಾಗಿ ಸಿಗುತ್ತದೆ. ಮೂರಡಿ ಚೌಕ, ಮೂರೂವರೆ ಅಡಿ ಆಳದ ಗುಂಡಿ ಕಡಿಸಿ. ಮುರಕಲ್ಲಿನ ಗೋಡೆ ನೇರವಾಗಿ ನಿಲ್ಲುತ್ತದೆ, ಅದೇ ದೊಡ್ಡ ಅನುಕೂಲ. ಗುಂಡಿಯ ಬಾಯಿಗಿಂತ ತಳವನ್ನು ಸುತ್ತ ನಾಲ್ಕು ಇಂಚು ಅಗಲ ಮಾಡಿಸಿ. ಆಗ ಕಾಂಕ್ರೀಟು ಮೇಲೆ ಬರಬೇಕಾದರೆ ಕಲ್ಲನ್ನೇ ಒಡೆಯಬೇಕು. ಪೂರ್ತಿ ತುಂಬಿಸಿದರೆ 30 ಘನ ಅಡಿಗಿಂತ ಜಾಸ್ತಿ ಆಗುತ್ತದೆ, ತೂಕವೇ ಎರಡು ಟನ್ ದಾಟುತ್ತದೆ. ಮಳೆ ನೀರು ಗುಂಡಿಯ ಸುತ್ತ ನಿಲ್ಲದಂತೆ ಮೇಲ್ಮೈಯನ್ನು ಇಳಿಜಾರು ಮಾಡಿ. ಪದರ ಮೂರಡಿಗಿಂತ ತೆಳು ಇದ್ದರೆ ಕಲ್ಲನ್ನು ಮರೆತುಬಿಡಿ, ಕಟಪಾಡಿಯವರಿಗೆ ಹೇಳಿದ ಒದ್ದೆ ಲೆಕ್ಕವನ್ನೇ ಹಿಡಿಯಿರಿ.

ಸಂಶಯ ಇದ್ದರೆ ಎಳೆದು ನೋಡುವುದು ಉತ್ತಮ. ಬೋರ್‌ವೆಲ್ ಪಂಪ್ ಎತ್ತುವವರ ಹತ್ತಿರ ಮೂರು ಕಾಲಿನ ಸ್ಟ್ಯಾಂಡ್, ಚೈನ್ ಪುಲ್ಲಿ ಇರುತ್ತದೆ. ನಡುವೆ ನೇತಾಡುವ ಕ್ರೇನ್ ತಕ್ಕಡಿ ಸಿಕ್ಕಿಸಿ. ಸ್ಟ್ಯಾಂಡಿನ ಕಾಲುಗಳು ಗುಂಡಿಯಿಂದ ದೂರ ಇರಲಿ, ಇಲ್ಲವಾದರೆ ಅವೇ ಮಣ್ಣನ್ನು ಒತ್ತಿ ಹಿಡಿದು ಸುಳ್ಳು ಧೈರ್ಯ ಕೊಡುತ್ತವೆ. ಲೆಕ್ಕದ ಎಳೆತಕ್ಕೆ ತಂದು ಹತ್ತು ನಿಮಿಷ ಬಿಡಿ. ರಾಡ್ ಅಲುಗದಿದ್ದರೆ, ತಕ್ಕಡಿಯ ಅಂಕಿ ಇಳಿಯದಿದ್ದರೆ ಸರಿ. ಈ ಪರೀಕ್ಷೆ ಜುಲೈಯಲ್ಲಿ ಮಾಡಿದರೆ ಅದಕ್ಕೆ ಬೆಲೆ ಜಾಸ್ತಿ.

ಪ್ರಶ್ನೆ: ಮೂರು ದಿಕ್ಕಿಗೂ ಸರಿಯಾಗಿ ತೆಂಗಿನ ಮರಗಳಿವೆ. ಅವುಗಳ ಬುಡಕ್ಕೆ ಸ್ಟೇ ಕಟ್ಟಬಹುದೇ?
— ವಿದ್ಯಾರ್ಥಿ, ಬ್ರಹ್ಮಾವರ

ಉತ್ತರ: ಬೇಡ. ಮರ ಗಾಳಿಗೆ ಆಡುತ್ತದೆ, ಅದರ ಜೊತೆ ಟವರೂ ಆಡುತ್ತದೆ. ಟವರ್ ಎಳೆದಾಗ ಮರ ಒಂದು ಕಡೆ, ಮರ ವಾಲಿದಾಗ ಟವರ್ ಇನ್ನೊಂದು ಕಡೆ. ವೈರ್ ಕಾಂಡವನ್ನು ಕಡಿಯುತ್ತದೆ. ಸಿಡಿಲು ಹೊಡೆದ ತೆಂಗು ಒಣಗಿ ಬುಡ ಟೊಳ್ಳಾದರೆ ನಿಮ್ಮ ಆ್ಯಂಕರೂ ಹೋಯಿತು. ನಿಮಗೆ ಈಗಷ್ಟೇ ಲೈಸೆನ್ಸ್ ಬಂದಿದೆ ಅಂತ ಬರೆದಿದ್ದೀರಿ. ಟವರ್ ಆಮೇಲೆ ಮಾಡಿ. ಅದೇ ಎರಡು ತೆಂಗಿನ ಮರಗಳ ನಡುವೆ 40 ಮೀಟರ್ ಬ್ಯಾಂಡಿನ ಡೈಪೋಲ್ (ತಂತಿಯ ಸರಳ ಆ್ಯಂಟೆನಾ) ವೈರ್ ಕಟ್ಟಿ. ಒಂದು ತುದಿಯಲ್ಲಿ ರಾಟೆ ಹಾಕಿ ಸಣ್ಣ ತೂಕ ನೇತು ಬಿಡಿ. ಮರ ಆಡಿದರೂ ವೈರ್ ತುಂಡಾಗುವುದಿಲ್ಲ. ದೇಶದೊಳಗಿನ ಮಾತುಕತೆಗೆ ಅದು ಧಾರಾಳ ಸಾಕು.

ಪ್ರಶ್ನೆ: ಮಲ್ಪೆ ಬದಿ, ಸಮುದ್ರಕ್ಕೆ ಹತ್ತಿರ. ಎಲ್ಲ ಹೊಯಿಗೆ (ಮರಳು). ಗುಂಡಿ ತೋಡಿದರೆ ಗೋಡೆ ಕುಸಿಯುತ್ತದೆ. ಇಲ್ಲಾದರೂ ಸ್ಕ್ರೂ ಆ್ಯಂಕರ್ ಆಗುತ್ತದೆಯೇ? 40 ಅಡಿಯ ಮಾಸ್ಟ್.
— ಮೀನುಗಾರಿಕೆ ಬೋಟಿನವರು, ಮಲ್ಪೆ

ಉತ್ತರ: ನಿಮ್ಮಲ್ಲಿ ಆಗಬಹುದು. ಸ್ಕ್ರೂ ಆ್ಯಂಕರ್ ಸರಿಯಾಗಿ ಕೆಲಸ ಮಾಡುವುದು ಹೊಯಿಗೆಯಂಥ ನೆಲದಲ್ಲೇ. ಆದರೆ ಟೆಂಟಿಗೆ, ನಾಯಿ ಕಟ್ಟಲು ಮಾರುವ ಬೆರಳು ದಪ್ಪದ ತಿರುಪು ಅಲ್ಲ. ತಟ್ಟೆ ಕನಿಷ್ಠ 6 ಇಂಚು, 8 ಇದ್ದರೆ ಇನ್ನೂ ಒಳ್ಳೆಯದು. ರಾಡ್ ಐದಡಿ ಉದ್ದ, ಗ್ಯಾಲ್ವನೈಸ್ ಆದದ್ದು. ಸ್ಟೇಯ ಓರೆಗೇ ತಿರುಗಿಸಿ ಇಳಿಸಿ, ಕಣ್ಣು ಮಾತ್ರ ಮೇಲೆ ಉಳಿಯುವವರೆಗೆ. ತಿರುಗಿಸುವಾಗ ಕೈಗೆ ಸಿಗುವ ಬಿಗಿಯೇ ನಿಮಗೆ ಪರೀಕ್ಷೆ. ಎಷ್ಟು ಕಷ್ಟಪಟ್ಟು ಇಳಿಯಿತೋ ಅಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಸಲಾಕೆ ಸಿಕ್ಕಿಸಿ ಒಬ್ಬರೇ ಸಲೀಸಾಗಿ ಕೊನೆವರೆಗೆ ತಿರುಗಿಸಿದರೆ ಅದು ಹಿಡಿಯಲಾರದು. ಇನ್ನೂ ಉದ್ದದ್ದು ಬೇಕು, ಇಲ್ಲವೇ ಜಾಗ ಬದಲಿಸಬೇಕು. ಮೊದಲು ಗುಂಡಿ ತೋಡಿ ಸ್ಕ್ರೂ ಇಟ್ಟು ಹೊಯಿಗೆ ಮುಚ್ಚುವುದು ಬೇಡವೇ ಬೇಡ.

40 ಅಡಿಗೆ, ಹಗುರ ವಿಎಚ್‌ಎಫ್ ಆ್ಯಂಟೆನಾಕ್ಕೆ ಇದು ಸಾಕು. ಮುಂದೆ ದೊಡ್ಡ ಯಾಗಿ ಏರಿಸುವ ಯೋಚನೆ ಇದ್ದರೆ ಹೂತಿಟ್ಟ ಕಾಂಕ್ರೀಟು ತೊಲೆಗೆ ಹೋಗಿ. ಅಗಲವಾಗಿ ತೋಡಿ, ಮೊದಲೇ ಎರಕ ಹೊಯ್ದು ಗಟ್ಟಿಯಾದ ನಾಲ್ಕಡಿ ಉದ್ದದ ತೊಲೆಯನ್ನು ಐದಡಿ ಆಳದಲ್ಲಿ ಅಡ್ಡ ಮಲಗಿಸಿ. ಹೊಯಿಗೆಯನ್ನು ಅರ್ಧ ಅಡಿ ಪದರದಲ್ಲಿ ತುಂಬಿ, ನೀರು ಹಾಕಿ, ಬಡಿದು ಬಡಿದು ಕೂರಿಸಬೇಕು. ಕಾಂಕ್ರೀಟಿಗೆ ಮಾತ್ರ ಸಮುದ್ರದ ಹೊಯಿಗೆ ಬಳಸಲೇಬೇಡಿ. ಅದರ ಉಪ್ಪು ಒಳಗಿನ ಕಬ್ಬಿಣವನ್ನು ತಿಂದು ಹಾಕುತ್ತದೆ. ಉಪ್ಪು ಗಾಳಿ ತಾಗುವ ಕಡೆ ಕಬ್ಬಿಣದ ಮೇಲೆ 50 ಮಿ.ಮೀ. ಕಾಂಕ್ರೀಟು ಹೊದಿಕೆ ಇರಲಿ. ಟರ್ನ್‌ಬಕಲ್, ಕ್ಲ್ಯಾಂಪುಗಳಿಗೆ ಗ್ರೀಸ್ ಬಳಿಯಿರಿ, ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ. ಉಬ್ಬರದ ರೇಖೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರುತ್ತದೆ. ಕಾಂಕ್ರೀಟು ಕೆಲಸಕ್ಕೆ ಮೊದಲು ಪಂಚಾಯತಿ ಅಥವಾ ನಗರಸಭೆಯಲ್ಲಿ ಕೇಳಿ.

ಪ್ರಶ್ನೆ: ಕಾರ್ಕಳದಲ್ಲಿ ಮನೆ ಹಿಂದೆ ಕರಿಕಲ್ಲಿನ ಪಾದೆ. ಅದಕ್ಕೇ ರಾಡ್ ಹಾಕುವುದು ಸರಿಯೇ?
— ನಿವೃತ್ತ ಲೈನ್‌ಮ್ಯಾನ್, ಕಾರ್ಕಳ

ಉತ್ತರ: ನಿಮ್ಮದು ಎಲ್ಲರಿಗಿಂತ ಒಳ್ಳೆಯ ನೆಲ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ಹೊತ್ತದ್ದು ನಿಮ್ಮೂರಿನ ಇಂಥದೇ ಬಂಡೆ. ಅದು ನೆಲಕ್ಕೆ ಹಬ್ಬಿದ ಪಾದೆಯೋ, ಬಿಡಿ ಗುಂಡೋ ಅಂತ ಮೊದಲು ನೋಡಿ. ಸುತ್ತಿಗೆಯಲ್ಲಿ ಬಡಿಯಿರಿ. ಟೊಳ್ಳು ಸದ್ದು ಬಂದರೆ ಮೇಲಿನ ಸಿಪ್ಪೆ ಬಿಟ್ಟಿದೆ, ಆ ಜಾಗ ಬೇಡ. 20 ಮಿ.ಮೀ. ರಾಡಿಗೆ ಅದಕ್ಕಿಂತ ದೊಡ್ಡ ತೂತು, ಎರಡಡಿ ಆಳ. ತೂತಿನ ಧೂಳನ್ನು ಗಾಳಿ ಊದಿ, ಬ್ರಷ್ ಹಾಕಿ, ಮತ್ತೆ ಊದಿ ತೆಗೆಯಿರಿ. ಇಲ್ಲಿ ಸೋಲುವ ಆ್ಯಂಕರುಗಳು ಸೋಲುವುದು ಈ ಧೂಳಿನಿಂದಲೇ. ಆಮೇಲೆ ಕುಗ್ಗದ ಗ್ರೌಟ್ (ತೂತು ತುಂಬುವ ಗಾರೆ) ತುಂಬಿ. ಬರೇ ತೂತಿನೊಳಗೆ ಅಗಲವಾಗಿ ಕಚ್ಚುವ ಬೋಲ್ಟ್ ನಂಬಿ ಟವರ್ ಕಟ್ಟಬೇಡಿ. ವೈರಿಗೆ ಮೂರು ಕ್ಲ್ಯಾಂಪ್ ಹಾಕುವಾಗ ಯು ಭಾಗ ಮಡಚಿದ ತುಂಡು ಬದಿಗೆ, ಹಲ್ಲಿನ ಭಾಗ ಎಳೆತ ಇರುವ ಬದಿಗೆ ಬರಬೇಕು. ನಿಮಗೆ ಇದು ಗೊತ್ತೇ ಇರುತ್ತದೆ, ಉಳಿದ ಓದುಗರಿಗಾಗಿ ಬರೆದೆ.

ಪ್ರಶ್ನೆ: ಪ್ರತಿ ಆ್ಯಂಕರಿಗೂ ಸಿಡಿಲಿಗಾಗಿ ತಾಮ್ರದ ಅರ್ತ್ ರಾಡ್ ಹೊಡೆಯಲು ಗೆಳೆಯರು ಹೇಳುತ್ತಾರೆ. ಹೊಡೆಯಲೇ?
— ಓದುಗರು, ಸುರತ್ಕಲ್

ಉತ್ತರ: ಅರ್ತ್ ಬೇಕು, ತಾಮ್ರ ಬೇಡ. ಒದ್ದೆ ಮಣ್ಣಿನಲ್ಲಿ ತಾಮ್ರ ಮತ್ತು ಸತು ಜೋಡಿಸಿದರೆ ಅದೊಂದು ಬ್ಯಾಟರಿ. ಅದರಲ್ಲಿ ಕರಗುವುದು ಸತು. ನಿಮ್ಮ ಆ್ಯಂಕರ್ ರಾಡಿನ ಮೇಲಿರುವ ಗ್ಯಾಲ್ವನೈಸ್ ಪದರ ಹೊಸದರಲ್ಲೇ 85 ಮೈಕ್ರಾನ್ ಆಸುಪಾಸು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಅದು ಹೋದ ಮೇಲೆ ಕಬ್ಬಿಣದ ಸರದಿ. ನಮ್ಮ ಕೆಂಪು ಮಣ್ಣು ಹುಳಿ ಗುಣದ್ದು, ಕೆಲಸ ಇನ್ನೂ ಬೇಗ ಆಗುತ್ತದೆ. ಮೇಲೆ ಕಣ್ಣು ಹೊಳೆಯುತ್ತಿರುತ್ತದೆ, ಒಂದಡಿ ಕೆಳಗೆ ರಾಡ್ ಪೆನ್ಸಿಲ್ ದಪ್ಪಕ್ಕೆ ಇಳಿದಿರುತ್ತದೆ. ನನಗೆ ಅತಿ ಹೆಚ್ಚು ಹೆದರಿಕೆ ಇರುವುದು ಇದೇ ತೊಂದರೆಯ ಬಗ್ಗೆ, ಯಾಕೆಂದರೆ ಟವರ್ ಬೀಳುವವರೆಗೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ್ಯಂಕರ್ ಹತ್ತಿರ ಗ್ಯಾಲ್ವನೈಸ್ ರಾಡ್, ಜಿಐ ಪಟ್ಟಿ ಬಳಸಿ. ಟವರಿನ ಬುಡದಲ್ಲಿ ತಾಮ್ರ ಹಾಕಿದ್ದರೆ ಅದು ಟವರ್, ವೈರ್ ಮೂಲಕ ಆ್ಯಂಕರಿಗೆ ತಾಗದ ಹಾಗೆ ಪ್ರತಿ ಸ್ಟೇಯಲ್ಲೂ ಒಂದು ಮೊಟ್ಟೆ ಇನ್ಸುಲೇಟರ್ ಇರಲಿ. ಅದರ ಒಳಗೆ ವೈರಿನ ಎರಡು ಕುಣಿಕೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಪಿಂಗಾಣಿ ಒಡೆದರೂ ಸ್ಟೇ ಕಳಚುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ, ನವರಾತ್ರಿ ಕಳೆದು ಮಣ್ಣು ಸ್ವಲ್ಪ ಆರಿದಾಗ, ಕಾಂಕ್ರೀಟು ಆ್ಯಂಕರುಗಳ ರಾಡಿನ ಸುತ್ತ ಒಂದಡಿ ಬಿಡಿಸಿ ನೋಡಿ. ಒಂದು ಸಲಕ್ಕೆ ಒಂದೇ ಆ್ಯಂಕರ್. ಸ್ಕ್ರೂ ಆ್ಯಂಕರಿನ ಮಣ್ಣು ಕೆದಕಬೇಡಿ, ಅದರ ಬಲವೇ ಆ ಮಣ್ಣು. ಅದನ್ನು ನೋಡಬೇಕಾದರೆ ಪಕ್ಕದಲ್ಲಿ ಹೊಸ ಸ್ಕ್ರೂ ಇಳಿಸಿ, ಸ್ಟೇಯನ್ನು ಅದಕ್ಕೆ ಬದಲಿಸಿ, ಹಳೆಯದನ್ನು ತಿರುಗಿಸಿ ತೆಗೆಯಿರಿ.

ಪ್ರಶ್ನೆ: ಕದ್ರಿಯಲ್ಲಿ ತಾರಸಿ ಮೇಲೆ 20 ಅಡಿ ಮಾಸ್ಟ್. ಪ್ಯಾರಾಪೆಟ್ ಗೋಡೆಗೆ ಸ್ಟೇ ಕಟ್ಟಬಹುದೇ?
— ಓದುಗರು, ಮಂಗಳೂರು

ಉತ್ತರ: ಬೇಡ. ಪ್ಯಾರಾಪೆಟ್ ಬರೇ ಇಟ್ಟಿಗೆಯೋ ಕಲ್ಲೋ ಪೇರಿಸಿದ ಗೋಡೆ, ಒಳಕ್ಕೆ ಎಳೆದರೆ ಬಿರುಕು ಬಿಟ್ಟು ಬೀಳುತ್ತದೆ. ಕೆಳಗೆ ಜನ ಓಡಾಡುತ್ತಾರೆ. ಕಂಬ ಮತ್ತು ತೊಲೆ ಸೇರುವ ಜಾಗದಲ್ಲಿ, ಕಾಂಕ್ರೀಟಿಗೆ, ರಾಸಾಯನಿಕ ಅಂಟು ಹಾಕಿ ಕೂರಿಸಿದ ಐ ಬೋಲ್ಟ್ (ತುದಿಯಲ್ಲಿ ಉಂಗುರ ಇರುವ ಬೋಲ್ಟ್) ಬಳಸಿ. ತೂತಿನ ಸುತ್ತ ನೀರು ಸೋರದಂತೆ ಮುಚ್ಚಿಸಿ.

ಪ್ರಶ್ನೆ: ಬಜ್ಪೆಯಲ್ಲಿ 60 ಅಡಿ ಟವರಿಗೆ ವಿಮಾನ ನಿಲ್ದಾಣದ ಅನುಮತಿ ಬೇಕೇ?
— ಓದುಗರು, ಬಜ್ಪೆ

ಉತ್ತರ: ವಿಮಾನ ನಿಲ್ದಾಣ ಪ್ರಾಧಿಕಾರ ಬಣ್ಣ ಹಚ್ಚಿದ ವಲಯ ನಕ್ಷೆ ಪ್ರಕಟಿಸುತ್ತದೆ. ನಿಮ್ಮ ಜಾಗ ಯಾವ ಬಣ್ಣದಲ್ಲಿದೆ, ಅಲ್ಲಿ ಎಷ್ಟು ಎತ್ತರದವರೆಗೆ ಬಿಡುತ್ತಾರೆ ಅಂತ ಮೊದಲು ನೋಡಿ. ನಕ್ಷೆಯ ಎತ್ತರ ಸಮುದ್ರ ಮಟ್ಟದಿಂದ, ನಿಮ್ಮ ಅಂಗಳದಿಂದಲ್ಲ. ನಮ್ಮ ನಿಲ್ದಾಣ ಸುಮಾರು 100 ಮೀಟರ್ ಎತ್ತರದ ಗುಡ್ಡದ ಮೇಲಿದೆ. ಕೆಳಗಿನ ಕಣಿವೆಯಲ್ಲಿ ಮನೆ ಇದ್ದವರಿಗೂ, ಅದೇ ಎತ್ತರದ ಇನ್ನೊಂದು ಗುಡ್ಡದಲ್ಲಿ ಇದ್ದವರಿಗೂ ಉತ್ತರ ಬೇರೆ ಬೇರೆ. ನಿಮ್ಮ ನೆಲದ ಎತ್ತರಕ್ಕೆ ಟವರ್, ಅದರ ಮೇಲಿನ ಆ್ಯಂಟೆನಾ ಎರಡನ್ನೂ ಕೂಡಿಸಿ. ಮಿತಿ ದಾಟಿದರೆ, ಅಥವಾ ರನ್‌ವೇ ಹತ್ತಿರದ ಕೆಂಪು ವಲಯದಲ್ಲಿದ್ದರೆ, ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಹ್ಯಾಮ್ ಲೈಸೆನ್ಸ್ ಕೈಯಲ್ಲಿದ್ದರೂ ಅದು ಇದರ ಬದಲಿಗೆ ಬರುವುದಿಲ್ಲ. ಪತ್ರ ಬಂದ ಮೇಲೆಯೇ ಆ್ಯಂಕರ್ ಗುಂಡಿ ತೋಡಿಸಿ, ಯಾಕೆಂದರೆ ಎತ್ತರ ಕಡಿಮೆ ಮಾಡಬೇಕಾಗಿ ಬಂದರೆ ಆ್ಯಂಕರಿನ ದೂರವೂ ಬದಲಾಗುತ್ತದೆ.